ಮಾತೆಯ್ ವಿಷ್ನಿಯೆಕ್: ನಾಟಕ ಫ್ರೆಂಚಿನಲ್ಲಿ, ಕವಿತೆ ರುಮೇನಿಯನ್ನಿನಲ್ಲಿ

ಪ್ರಶ್ನೆ: ಗೆಳೆಯರೊಬ್ಬರು ಕೊಟ್ಟ ಇಂಗ್ಲಿಷ್ ಅನುವಾದದಲ್ಲಿ ಮಾತೆಯ್ ವಿಷ್ನಿಯೆಕ್ ಅವರ ‘ಕೊನೆಯ ಗೊಡೊ’ ಓದಿದೆ. ಪರಿಚಯದಲ್ಲಿ ‘ರುಮೇನಿಯಾದ ಕವಿ, ಫ್ರಾನ್ಸಿಗೆ ವಲಸೆ ಹೋದ ನಾಟಕಕಾರ’ ಅಂತ ಒಂದೇ ಸಾಲು ಇತ್ತು. ಮೂವತ್ತು ದಾಟಿದ ಮೇಲೆ ಬೇರೆ ದೇಶಕ್ಕೆ ಹೋಗಿ ಬೇರೆ ಭಾಷೆಯಲ್ಲಿ ನಾಟಕಕಾರ ಆಗೋದು ಹೇಗೆ? ಇವರೂ ನಾಟಕಕಾರ ಅಯೊನೆಸ್ಕೊ ಥರದವರೇನಾ? ಕವಿತೆ ಬರೆಯೋದು ಬಿಟ್ಟುಬಿಟ್ಟರಾ? ಕೊನೆಯದಾಗಿ, ನಮ್ಮಂಥ ಹವ್ಯಾಸಿ ತಂಡ ಇವರ ನಾಟಕ ಆಡಬಹುದಾ?

ಉತ್ತರ: ಕವಿತೆ ಬಿಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿಷ್ನಿಯೆಕ್ ನಾಟಕ ಬರೆಯುವುದು ಹೆಚ್ಚಾಗಿ ಫ್ರೆಂಚಿನಲ್ಲಿ. ಕವಿತೆ, ಕಾದಂಬರಿ ರುಮೇನಿಯನ್ನಿನಲ್ಲಿ. ಹೊಟ್ಟೆಪಾಡು ನಡೆದದ್ದು ರೇಡಿಯೊ ಸುದ್ದಿ ಕೆಲಸದಿಂದ. ಅವರು ಒಂದು ಭಾಷೆಗೆ ಬೆನ್ನು ಹಾಕಿ ಇನ್ನೊಂದಕ್ಕೆ ಹೋದವರಲ್ಲ. ಯಾವ ಕೆಲಸ ಯಾವ ಭಾಷೆಯಲ್ಲಿ ಆಗುತ್ತೆ ಅಂತ ನೋಡಿ ಹಂಚಿಕೊಂಡವರು. ಈ ಹಂಚಿಕೆ ಹೇಗಾಯಿತು ಅಂತ ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಗುತ್ತೆ.

ಅಯೊನೆಸ್ಕೊ ಜೊತೆ ಹೋಲಿಕೆಯನ್ನು ಎಲ್ಲರೂ ಮಾಡುತ್ತಾರೆ. ಇಬ್ಬರೂ ರುಮೇನಿಯಾದವರು, ಇಬ್ಬರೂ ಪ್ಯಾರಿಸ್ಸಿಗೆ ಬಂದವರು, ಇಬ್ಬರಲ್ಲೂ ಅಸಂಗತ ನಾಟಕದ, ಅಂದರೆ ತರ್ಕಕ್ಕೆ ಸಿಗದ ಮಾತು, ಸನ್ನಿವೇಶಗಳಲ್ಲೇ ಬದುಕನ್ನು ತೋರಿಸುವ ನಾಟಕದ ಧಾಟಿ ಇದೆ. ಆದರೆ ಅಯೊನೆಸ್ಕೊ ತಾಯಿ ಫ್ರಾನ್ಸಿನವರು, ಅವರ ಬಾಲ್ಯ ಕಳೆದದ್ದೂ ಅಲ್ಲೇ. ಫ್ರೆಂಚ್ ಅವರ ಮನೆಮಾತು. ರುಮೇನಿಯಾದ ದಾರ್ಶನಿಕ ಚೊರಾನ್ 1937ರಲ್ಲಿ ಪ್ಯಾರಿಸ್ಸಿಗೆ ಬಂದು, ಹತ್ತು ವರ್ಷದ ನಂತರ ರುಮೇನಿಯನ್ನಿನಲ್ಲಿ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಇದಕ್ಕೆ ತದ್ವಿರುದ್ಧ ಕವಿ ಪಾಲ್ ಸೆಲಾನ್. 1948ರಿಂದ ಪ್ಯಾರಿಸ್ಸಿನಲ್ಲಿದ್ದರೂ ಕೊನೇತನಕ ಬರೆದದ್ದು ಜರ್ಮನ್ನಿನಲ್ಲೇ. ವಿಷ್ನಿಯೆಕ್ ಈ ಮೂವರ ಹಾದಿಯನ್ನೂ ಹಿಡಿಯಲಿಲ್ಲ.

ಅಂದ ಹಾಗೆ, ಸೆಲಾನ್ ಮತ್ತು ವಿಷ್ನಿಯೆಕ್ ಒಂದೇ ಸೀಮೆಯವರು. ಬುಕೊವಿನಾ ಅಂತ ಅದರ ಹೆಸರು. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದವರ ಕೈಯಲ್ಲಿತ್ತು, ಆಮೇಲೆ ರುಮೇನಿಯಾಕ್ಕೆ ಸೇರಿತು. 1940ರಲ್ಲಿ ಅದರ ಉತ್ತರ ಭಾಗವನ್ನು ಸೋವಿಯತ್ ಒಕ್ಕೂಟ ಕಿತ್ತುಕೊಂಡಿತು. ಸೆಲಾನ್ ಹುಟ್ಟೂರು ಆ ಕಡೆಗೆ ಹೋಯಿತು. ವಿಷ್ನಿಯೆಕ್ ಹುಟ್ಟಿದ ರದೌತ್ಸ್ ಅನ್ನೋ ಸಣ್ಣ ಪಟ್ಟಣ ಈ ಕಡೆ ಉಳಿಯಿತು. ಅವರು ಹುಟ್ಟಿದ್ದು 1956ರ ಜನವರಿ 29ರಂದು.

ಅವರ ಓದಿನ ಕಾಲವನ್ನು ಸ್ವಲ್ಪ ಗಮನಿಸಬೇಕು. 1960ರ ದಶಕದ ನಡುವಿನಲ್ಲಿ ರುಮೇನಿಯಾದಲ್ಲಿ ಕಮ್ಯುನಿಸ್ಟ್ ಸರ್ಕಾರದ ಬಿಗಿ ಒಂದಿಷ್ಟು ಸಡಿಲವಾಗಿತ್ತು. ಕಾಫ್ಕಾ, ‘ಗೊಡೊಗಾಗಿ ಕಾಯುತ್ತಾ’ ನಾಟಕದ ಬೆಕೆಟ್, ಅಯೊನೆಸ್ಕೊ ರುಮೇನಿಯನ್ನಿನಲ್ಲಿ ಸಿಗುತ್ತಿದ್ದರು. 1964ರಲ್ಲಿ ಬುಕಾರೆಸ್ಟಿನಲ್ಲಿ ಅಯೊನೆಸ್ಕೊನ ‘ಘೇಂಡಾಮೃಗ’ ನಾಟಕವೂ ಆಯಿತು. 1971ರಲ್ಲಿ ದೇಶದ ಸರ್ವಾಧಿಕಾರಿ ಚೌಶೆಸ್ಕು ಚೀನಾ, ಉತ್ತರ ಕೊರಿಯಾ ನೋಡಿಕೊಂಡು ಬಂದ. ಬಂದ ಮೇಲೆ ಸಾಹಿತ್ಯ, ಕಲೆಯನ್ನು ಪಕ್ಷದ ಹಿಡಿತಕ್ಕೆ ತರುವ ‘ಜುಲೈ ಸೂತ್ರಗಳು’ ಅಂತ ಹೊರಡಿಸಿ ಬಾಗಿಲು ಮುಚ್ಚಿದ. ಅಷ್ಟರಲ್ಲಿ ಪುಸ್ತಕಗಳು ಮನೆಗಳನ್ನು, ಗ್ರಂಥಾಲಯಗಳನ್ನು ಸೇರಿಯಾಗಿತ್ತು. ವಿಷ್ನಿಯೆಕ್ ಪೀಳಿಗೆ ಬೆಳೆದದ್ದು ಹೀಗೆ. ಓದುವುದಕ್ಕೆ ಇಡೀ ಯುರೋಪು ಸಿಗುತ್ತಿತ್ತು, ಬರೆಯುವುದಕ್ಕೆ ಮಾತ್ರ ಸಮಾಜವಾದಿ ವಾಸ್ತವವಾದ, ಅಂದರೆ ಪಕ್ಷ ಮೆಚ್ಚುವ ಹಾಗೆ ಬದುಕನ್ನು ತೋರಿಸೋದು, ಒಂದೇ ದಾರಿ. ತನಗೆ ಸಾಹಿತ್ಯದಲ್ಲಿ ಎಲ್ಲ ಬಗೆಯೂ ಇಷ್ಟ, ಆ ಒಂದನ್ನು ಬಿಟ್ಟು ಅಂತ ಅವರು ಹೇಳಿಕೊಂಡಿದ್ದಾರೆ.

ಬುಕಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ತತ್ವಶಾಸ್ತ್ರ ಓದುವಾಗ ‘ಸೋಮವಾರದ ಕೂಟ’ ಸೇರಿದರು. ವಿಮರ್ಶಕ ನಿಕೊಲಾಯೆ ಮನೊಲೆಸ್ಕು ನಡೆಸುತ್ತಿದ್ದ ಕವಿಗಳ ಕೂಟ ಅದು. ಇವತ್ತು ರುಮೇನಿಯಾದ ಬಲು ದೊಡ್ಡ ಲೇಖಕ ಅನ್ನಿಸಿಕೊಂಡಿರುವ ಮಿರ್ಚಾ ಕರ್ತರೆಸ್ಕು ಕೂಡ ಅಲ್ಲಿಯವರೇ. ಬಿಗುಮಾನದ ಮಾತು ಬಿಟ್ಟು ದಿನನಿತ್ಯದ ಮಾತು, ವ್ಯಂಗ್ಯ, ಬೀದಿಯ ದೃಶ್ಯ ಇಟ್ಟುಕೊಂಡು ಕವಿತೆ ಬರೆಯೋದು ಈ ಹುಡುಗರ ಶೈಲಿ. ವಿಷ್ನಿಯೆಕ್ ಮೊದಲ ಸಂಕಲನ ‘ಇವತ್ತು ರಾತ್ರಿ ಹಿಮ ಬೀಳುತ್ತೆ’ 1980ರಲ್ಲಿ ಬಂತು. 1982ರಲ್ಲಿ ‘ಒಬ್ಬನೇ ನಿವಾಸಿಯ ಪಟ್ಟಣ’, 1984ರಲ್ಲಿ ‘ಚಹಾ ಹೊತ್ತಿನ ಜ್ಞಾನಿ’. ಹೊಟ್ಟೆಪಾಡಿಗೆ ಹಳ್ಳಿ ಶಾಲೆಯಲ್ಲಿ ಇತಿಹಾಸ, ಭೂಗೋಳದ ಮೇಷ್ಟ್ರು.

ಅವರ ಒಂದು ಕವಿತೆ ರುಮೇನಿಯಾದಲ್ಲಿ ತುಂಬಾ ಜನಕ್ಕೆ ಬಾಯಿಪಾಠ. ‘ಹಡಗು’ ಅಂತ. ಹಡಗು ನಿಧಾನವಾಗಿ ಮುಳುಗುತ್ತಿದೆ. ಪ್ರಯಾಣಿಕರು, ಮುಳುಗಿದರೆ ಮುಳುಗಲಿ, ಎಲ್ಲ ಹಡಗೂ ಒಂದು ದಿನ ಮುಳುಗಲೇಬೇಕು ಅಂತ ಕೈಕುಲುಕಿ ಬೀಳ್ಕೊಂಡುಬಿಡುತ್ತಾರೆ. ಆದರೆ ಅದು ಎಷ್ಟು ನಿಧಾನ ಅಂದರೆ, ಹತ್ತು ದಿನ ಕಳೆದರೂ ಇನ್ನೂ ಮುಳುಗಿಲ್ಲ. ಬೀಳ್ಕೊಂಡವರು ಮುಜುಗರದಿಂದ ಮುಖ ಮುಖ ನೋಡಿಕೊಳ್ಳುತ್ತಾರೆ. ಕವಿತೆಯಲ್ಲಿ ಚೌಶೆಸ್ಕು ಹೆಸರಿಲ್ಲ, ದೇಶದ ಹೆಸರಿಲ್ಲ. ಆದರೆ ಓದಿದ ಯಾರಿಗೂ ಅದು ಯಾವ ಹಡಗು ಅಂತ ಹೇಳಿಕೊಡಬೇಕಾಗಿರಲಿಲ್ಲ. ನನಗೆ ಇಷ್ಟವಾಗೋದು ಆ ಮುಜುಗರ. ಅಧಿಕಾರಕ್ಕೆ ಬೈಯುವ ಕವಿತೆ ಯಾರು ಬೇಕಾದರೂ ಬರೆಯಬಹುದು. ಹೊಂದಿಕೊಂಡು ಕೂತ ನಮ್ಮ ನಾಚಿಕೆಯನ್ನು ನಗುತ್ತಾ ತೋರಿಸೋದು ಕಷ್ಟ.

ಇಂಥ ಕವಿತೆ ಅಚ್ಚಾಗೋದಕ್ಕೆ ಸರ್ಕಾರ ಹೇಗೆ ಬಿಟ್ಟಿತು, ನಾಟಕವನ್ನು ಯಾಕೆ ತಡೆಯಿತು? ಅವರ ಬದುಕು ತಿರುಗಿದ್ದೇ ಈ ವ್ಯತ್ಯಾಸದಿಂದ. 1977ರಲ್ಲಿ ರುಮೇನಿಯಾ ತನ್ನ ಸೆನ್ಸಾರ್ ಇಲಾಖೆಯನ್ನು ಅಧಿಕೃತವಾಗಿ ಮುಚ್ಚಿತು. ಮುಚ್ಚಿದ್ದು ಕಚೇರಿಯನ್ನಷ್ಟೇ. ಕತ್ತರಿ ಹಾಕುವ ಕೆಲಸ ಸಂಪಾದಕರಿಗೆ, ಪ್ರಕಾಶಕರಿಗೆ, ಸಂಸ್ಕೃತಿ ಮಂಡಳಿಗೆ ಹಂಚಿಹೋಯಿತು. ಕವಿತೆಯ ಸಂಕಲನದ ವಿಷಯದಲ್ಲಿ ಒಬ್ಬ ಒಳ್ಳೆಯ ಸಂಪಾದಕ ಕಣ್ಣು ಮುಚ್ಚಿಕೊಂಡರೆ ಸಾಕಿತ್ತು. ಪ್ರತಿಗಳು ಕಡಿಮೆ, ಓದುವವರು ಒಬ್ಬೊಬ್ಬರೇ ಕೂತು ಓದುತ್ತಾರೆ. ನಾಟಕ ಹಾಗಲ್ಲ. ಮೊದಲ ಪ್ರದರ್ಶನಕ್ಕೆ ಮುಂಚೆ ಅಧಿಕಾರಿಗಳ ತಂಡ ಬಂದು ಸಭಾಂಗಣದಲ್ಲಿ ಕೂತು ಪೂರ್ತಿ ನಾಟಕ ನೋಡುತ್ತಿತ್ತು. ಈ ಮಾತು ತೆಗೀರಿ, ಆ ಕೋಟು ಬದಲಿಸಿ, ಈ ನಾಟಕವೇ ಬೇಡ, ಏನು ಬೇಕಾದರೂ ಹೇಳಬಹುದಿತ್ತು. ಅವರಿಗೆ ಹೆದರಿಕೆ ಮಾತಿನದ್ದಲ್ಲ, ನಗುವಿನದ್ದು ಅಂತ ನನಗನ್ನಿಸುತ್ತೆ. ಒಂದೇ ಮಾತಿಗೆ ಮುನ್ನೂರು ಜನ ಒಟ್ಟಿಗೆ ನಕ್ಕರೆ, ಪಕ್ಕದಲ್ಲಿರುವವನೂ ನನ್ನ ಹಾಗೇ ಯೋಚಿಸುತ್ತಾನೆ ಅಂತ ಪ್ರತಿಯೊಬ್ಬರಿಗೂ ಗೊತ್ತಾಗಿಬಿಡುತ್ತೆ, ಅಲ್ವಾ?

ವಿಷ್ನಿಯೆಕ್ 1977ರ ಸುಮಾರಿಗೆ ನಾಟಕ ಬರೆಯಲು ಶುರುಮಾಡಿದ್ದರು. ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ನಾಟಕ ಬರೆದರು. ವೃತ್ತಿರಂಗಭೂಮಿಯಲ್ಲಿ ಒಂದೂ ಪ್ರದರ್ಶನ ಆಗಲಿಲ್ಲ. ಹಸ್ತಪ್ರತಿಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. 1983ರಲ್ಲಿ ಟೈಪ್‌ರೈಟರ್ ಇಟ್ಟುಕೊಂಡವರು ಅದನ್ನು ಪೊಲೀಸರ ಹತ್ತಿರ ನೋಂದಾಯಿಸಬೇಕು, ಅಕ್ಷರಗಳ ಮಾದರಿ ಕೊಡಬೇಕು ಅಂತ ಕಾನೂನು ಬಂತು. ಹಾಗಾಗಿ ಪ್ರತಿ ಮಾಡೋದೂ ಅಪಾಯವೇ. ಕೊನೆಗೆ 1987ರಲ್ಲಿ ಬುಕಾರೆಸ್ಟಿನ ನೊಟ್ಟಾರಾ ರಂಗಮಂದಿರ ‘ಕಿಟಕಿಯಲ್ಲಿ ಕುದುರೆಗಳು’ ನಾಟಕವನ್ನು ಕೈಗೆತ್ತಿಕೊಂಡಿತು. ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿ, ಯುದ್ಧದಿಂದ ಬಂದ ಅಪ್ಪನನ್ನು ನೋಡಿಕೊಳ್ಳುವ ಮಗಳು, ಗಂಡನ ಜೊತೆಗಿರುವ ಹೆಂಡತಿ. ಮೂವರ ಮನೆಗೂ ಒಬ್ಬ ದೂತ ಬಂದು, ತುಂಬಾ ವಿನಯದಿಂದ ಸಾವಿನ ಸುದ್ದಿ ಹೇಳುತ್ತಾನೆ. ಸಾವು ಯಾವುದೂ ವೀರಮರಣವಲ್ಲ. ಮಗ ಸತ್ತದ್ದು ಕುದುರೆ ಒದ್ದು. ಪ್ರದರ್ಶನ ಇನ್ನೇನು ಶುರುವಾಗಬೇಕು ಅನ್ನುವಾಗ ನಿಷೇಧ ಬಂತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಫ್ರಾನ್ಸಿಗೆ ಹೋದರು. ಒಂದು ಸಾಹಿತ್ಯ ಸಂಸ್ಥೆಯ ಆಹ್ವಾನದ ಮೇಲೆ ಹೋಗಿ, ಅಲ್ಲೇ ರಾಜಕೀಯ ಆಶ್ರಯ ಕೇಳಿದರು. ಆಗ ವಯಸ್ಸು 31.

ಹೊಸ ದೇಶಕ್ಕೆ ಬಂದ ಮೊದಲ ದಿನಗಳ ಬಗ್ಗೆ ಅವರ ಆತ್ಮಕಥೆ ಹುಡುಕಬೇಡಿ. ಆ ಹೊತ್ತಿನಲ್ಲೇ ಬರೆದ ‘ಕೆ ಮಹಾಶಯನ ಬಿಡುಗಡೆ’ ಅನ್ನೋ ಕಾದಂಬರಿ ಓದಿ. ಬರೆದದ್ದು 1988ರಲ್ಲಿ, ಪ್ರಕಟವಾದದ್ದು 2010ರಲ್ಲಿ. ಕಾಫ್ಕಾನ ‘ವಿಚಾರಣೆ’ ಕಾದಂಬರಿಯಲ್ಲಿ ಯೋಸೆಫ್ ಕೆ.ಯನ್ನು ಒಂದು ಬೆಳಿಗ್ಗೆ ಕಾರಣ ಹೇಳದೆ ಬಂಧಿಸುತ್ತಾರಲ್ಲ, ಇಲ್ಲಿ ಕೊಸೆಫ್ ಜೆ. ಅನ್ನುವವನನ್ನು ಒಂದು ಬೆಳಿಗ್ಗೆ ಕಾರಣ ಹೇಳದೆ ಬಿಡುಗಡೆ ಮಾಡುತ್ತಾರೆ. ಅವನಿಗೆ ಏನು ಮಾಡಬೇಕು ಅಂತಲೇ ತಿಳಿಯೋದಿಲ್ಲ. ಜೈಲಿನ ಊಟದ ಹೊತ್ತು, ಕಾವಲುಗಾರರ ಮಾತು ಎಲ್ಲ ಅಭ್ಯಾಸವಾಗಿದೆ. ಜೈಲಿನ ಸುತ್ತಮುತ್ತಲೇ ಸುಳಿಯುತ್ತಾನೆ. ವಲಸೆ ಅಂದರೆ ಬಿಡುಗಡೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಅದರ ಒಳಗಿನ ಗಲಿಬಿಲಿಯನ್ನು ಇಷ್ಟು ಚೆನ್ನಾಗಿ ಹಿಡಿದ ಪುಸ್ತಕ ನಾನು ಹೆಚ್ಚು ನೋಡಿಲ್ಲ.

ಲಂಡನ್ನಿನಲ್ಲಿ ಬಿಬಿಸಿಯ ರುಮೇನಿಯನ್ ವಿಭಾಗದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು. 1990ರಲ್ಲಿ ಪ್ಯಾರಿಸ್ಸಿನ ರೇಡಿಯೊ ಫ್ರಾನ್ಸ್ ಇಂಟರ್‌ನ್ಯಾಷನಲ್ಲಿನಲ್ಲಿ ಪತ್ರಕರ್ತರಾಗಿ ಸೇರಿದರು. ನಡುವೆ 1989ರ ಡಿಸೆಂಬರಿನಲ್ಲಿ ಚೌಶೆಸ್ಕು ಸರ್ಕಾರ ಬಿತ್ತು. ದೇಶ ಬಿಟ್ಟ ಲೇಖಕರಿಗೆ ಇದು ವಿಚಿತ್ರವಾದ ಗಳಿಗೆ. ಯಾವ ಕಾರಣಕ್ಕೆ ಓಡಿ ಬಂದಿದ್ದರೋ ಆ ಕಾರಣವೇ ಇಲ್ಲ. ಪೂರ್ವ ಯುರೋಪಿನ ನಿರಾಶ್ರಿತ ಲೇಖಕ ಅಂತ ಪಶ್ಚಿಮದವರು ಕೊಡುತ್ತಿದ್ದ ಗಮನವೂ ಇಳಿಯಿತು. ವಾಪಸ್ ಹೋಗಬಹುದಿತ್ತು. ಅವರು ಹೋಗಲಿಲ್ಲ, 1993ರಲ್ಲಿ ಫ್ರೆಂಚ್ ಪೌರತ್ವ ತೆಗೆದುಕೊಂಡರು. ಆದರೆ ರುಮೇನಿಯಾಕ್ಕೆ ಓಡಾಟ ಶುರುವಾಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬೇರೆ ಭಾಷೆಯಲ್ಲಿ ನಾಟಕಕಾರ ಆದದ್ದು ಹೇಗೆ? ಪ್ರತಿಭೆ ಅಂತ ಹೇಳಿ ಮುಗಿಸಬಹುದು. ಅದು ನಿಜವೂ ಹೌದು, ಆದರೆ ಪೂರ್ತಿ ಉತ್ತರವಲ್ಲ. ಕಲಿತ ಭಾಷೆಯಲ್ಲಿ ಕವಿತೆ ಬರೆಯೋದು ಬಲು ಕಷ್ಟ. ಒಂದು ಪದ ಕೇಳಿದ ತಕ್ಷಣ ಬಾಲ್ಯದಿಂದ ಅಂಟಿಕೊಂಡ ನೂರು ನೆನಪು ಏಳಬೇಕು. ನಾಟಕದ ಪಾತ್ರಕ್ಕೆ ಅಷ್ಟು ಬೇಕಾಗಿಲ್ಲ. ಪಾತ್ರಗಳು ಸಣ್ಣ ವಾಕ್ಯದಲ್ಲಿ ಮಾತಾಡುತ್ತವೆ, ಅರ್ಧಕ್ಕೆ ನಿಲ್ಲಿಸುತ್ತವೆ, ಹೇಳಿದ್ದನ್ನೇ ಹೇಳುತ್ತವೆ. ಉಳಿದದ್ದನ್ನು ನಟನ ಮೈ, ಮೌನ, ಬೆಳಕು ತುಂಬಿಕೊಡುತ್ತವೆ. ಫ್ರೆಂಚಿನಲ್ಲಿ ಬರೆಯುವಾಗ ರುಮೇನಿಯನ್ನಿನಷ್ಟು ಸರಾಗ ಇರೋದಿಲ್ಲ, ಹಾಗಾಗಿ ಹೆಚ್ಚಿನದನ್ನು ಕತ್ತರಿಸಿ ಬೇಕಾದ್ದನ್ನಷ್ಟೇ ಇಡಬೇಕಾಗುತ್ತೆ ಅನ್ನೋ ಅರ್ಥದ ಮಾತನ್ನು ಅವರು ಹೇಳಿದ್ದಾರೆ. ಬೆಕೆಟ್ ಕೂಡ ಇಂಥ ಬರಿದಾದ ಮಾತಿಗೋಸ್ಕರವೇ ಇಂಗ್ಲಿಷ್ ಬಿಟ್ಟು ಫ್ರೆಂಚಿಗೆ ಹೋದವರು. ವಿಷ್ನಿಯೆಕ್ ಹೋದದ್ದು ಅನಿವಾರ್ಯದಿಂದ, ಸಿಕ್ಕ ಲಾಭ ಮಾತ್ರ ಅದೇ.

ಇನ್ನೊಂದು ಕಾರಣ ತೀರಾ ವ್ಯವಹಾರದ್ದು. ಅವರ ನಾಟಕಗಳಲ್ಲಿ ಪಾತ್ರಗಳು ಕಡಿಮೆ, ರಂಗಸಜ್ಜಿಕೆ ಕಡಿಮೆ. ‘ಮುದಿ ವಿದೂಷಕ ಬೇಕಾಗಿದ್ದಾನೆ’ ನಾಟಕಕ್ಕೆ ಮೂವರು ಸಾಕು. ಸರ್ಕಸ್ಸಿನಲ್ಲಿ ಒಟ್ಟಿಗಿದ್ದ ಮೂವರು ಮುದುಕರು ಒಂದೇ ಕೆಲಸದ ಜಾಹೀರಾತು ನೋಡಿ ಒಂದೇ ಕೋಣೆಗೆ ಬರುತ್ತಾರೆ. ಮೊದಲು ಅಪ್ಪಿಕೊಳ್ಳುತ್ತಾರೆ, ಕೆಲಸ ಒಂದೇ ಅಂತ ನೆನಪಾದ ಮೇಲೆ ಒಬ್ಬರನ್ನೊಬ್ಬರು ಕಚ್ಚಾಡುತ್ತಾರೆ. 1992ರಲ್ಲಿ ಜರ್ಮನಿಯ ಬಾನ್ ನಗರದ ನಾಟಕೋತ್ಸವದಲ್ಲಿ ಇದು ಆಯಿತು. ಅದೇ ವರ್ಷ ‘ಕಿಟಕಿಯಲ್ಲಿ ಕುದುರೆಗಳು’ ಫ್ರಾನ್ಸಿನಲ್ಲಿ ರಂಗಕ್ಕೆ ಬಂತು. ಹೊರದೇಶದವರಿಗೆ ಅವರ ಹೆಸರು ಗೊತ್ತಾಗಿದ್ದು ಆಗಿನಿಂದ.

ಆಮೇಲೆ ಫ್ರಾನ್ಸಿನ ಅವಿನ್ಯೊನ್ ನಗರ. ಪ್ರತಿ ಜುಲೈಯಲ್ಲಿ ಅಲ್ಲಿ ದೊಡ್ಡ ನಾಟಕೋತ್ಸವ ಆಗುತ್ತೆ. ಅಧಿಕೃತ ಉತ್ಸವದ ಪಕ್ಕದಲ್ಲೇ ‘ಆಫ್’ ಅಂತ ಇನ್ನೊಂದು ಇದೆ. ಅಲ್ಲಿ ಆಹ್ವಾನ ಬೇಕಿಲ್ಲ. ತಂಡಗಳು ತಾವೇ ದುಡ್ಡು ಕೊಟ್ಟು ಸಣ್ಣ ಸಣ್ಣ ಜಾಗ ಬಾಡಿಗೆಗೆ ಹಿಡಿಯುತ್ತವೆ. ಒಂದೇ ವೇದಿಕೆಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ನಾಟಕ. ನಿಮ್ಮ ಸಾಮಾನು ಕೆಲವೇ ನಿಮಿಷದಲ್ಲಿ ಕಟ್ಟಿ, ಬಿಚ್ಚಿ ಹೋಗಬೇಕು. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ನಾಟಕ ಆಗುತ್ತವೆ. ಇಂಥ ಕಡೆ ಎರಡು ಮೂರು ನಟರ, ಒಂದೆರಡು ಕುರ್ಚಿಯ, ಒಂದೂವರೆ ಗಂಟೆಯೊಳಗಿನ ಒಳ್ಳೆಯ ನಾಟಕಕ್ಕೆ ಎಷ್ಟು ಬೇಡಿಕೆ ಇರುತ್ತೆ ಅಂತ ನೀವೇ ಊಹಿಸಿ. ‘ಆಫ್’ನಲ್ಲಿ ಅತಿ ಹೆಚ್ಚು ಆಡಿಸಿಕೊಂಡ ಬದುಕಿರುವ ನಾಟಕಕಾರರಲ್ಲಿ ಅವರೂ ಒಬ್ಬರಾದರು. ದೊಡ್ಡ ರಂಗಮಂದಿರಗಳು ಕೈಹಿಡಿದು ಮೇಲೆತ್ತಿದ ಹೆಸರಲ್ಲ ಅದು. ಸಣ್ಣ ತಂಡಗಳು, ಬೆಲ್ಜಿಯಂನ ಲಾನ್ಸ್‌ಮನ್‌ನಂಥ ಸಣ್ಣ ಪ್ರಕಾಶಕರು ವರ್ಷ ವರ್ಷ ಕಟ್ಟಿದ ಹೆಸರು.

‘ಕೊಳೆತು ಬಿಡಿಯಾದ ನಾಟಕ’ ಅಂತ ಹೇಳಬಹುದಾದ ಒಂದು ಕೃತಿಯಿದೆ. ಅದರಲ್ಲಿ ಪೂರ್ತಿ ನಾಟಕವೇ ಇಲ್ಲ, ಬಿಡಿಬಿಡಿ ಸ್ವಗತಗಳು, ಸಂಭಾಷಣೆಗಳು. ಒಬ್ಬನ ಸುತ್ತ ಜನ ಕಸ ಎಸೆಯುತ್ತಾ ಹೋಗುತ್ತಾರೆ, ಅವನೇ ಕಸದ ತೊಟ್ಟಿಯಾಗುತ್ತಾನೆ, ಹೀಗೆ. ಯಾವುದನ್ನು ಬೇಕಾದರೂ ಆರಿಸಿ, ಯಾವ ಕ್ರಮದಲ್ಲಿ ಬೇಕಾದರೂ ಜೋಡಿಸಿ ಅಂತ ನಿರ್ದೇಶಕರಿಗೆ ಬಿಟ್ಟಿದ್ದಾರೆ. ಕವಿ ನಾಟಕ ಬರೆದರೆ ಹೇಗಿರುತ್ತೆ ಅಂತ ನೋಡಬೇಕಾದರೆ ಇದನ್ನೇ ನೋಡಬೇಕು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಬರಹ ಈ ಬಿಡಿ ತುಣುಕುಗಳಲ್ಲಿದೆ.

ರೇಡಿಯೊ ಕೆಲಸದ ಋಣವೂ ಇದೆ. ದಿನವೂ ಸುದ್ದಿ ಓದಿ ಬರೆಯುವವನ ಮೇಜಿನ ಮೇಲೆ ಬೋಸ್ನಿಯಾ ಯುದ್ಧ ಬಂದು ಬೀಳುತ್ತಿತ್ತು. ಅದರಿಂದ ಹುಟ್ಟಿದ್ದು ಬೋಸ್ನಿಯಾದಲ್ಲಿ ಹೆಣ್ಣಿನ ಮೈಯೇ ರಣರಂಗವಾದ ನಾಟಕ. ಇಬ್ಬರೇ ಪಾತ್ರಗಳು. ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗಿರುವ ಡೊರ್ರಾ, ಸಾಮೂಹಿಕ ಗೋರಿಗಳನ್ನು ಅಗೆದು ಕಂಗೆಟ್ಟ ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇಟ್. ಯಾರು ಯಾರಿಗೆ ಚಿಕಿತ್ಸೆ ಕೊಡುತ್ತಿದ್ದಾರೆ ಅನ್ನೋದೇ ನಿಧಾನಕ್ಕೆ ಗೊಂದಲವಾಗುತ್ತೆ. ಒಂದು ದೃಶ್ಯದಲ್ಲಿ ಇಬ್ಬರೂ ಕುಡಿಯುತ್ತಾ ಬಾಲ್ಕನ್ ಗಂಡಸರ ಅಣಕ ಮಾಡುತ್ತಾರೆ. ನೆರೆಯ ಒಂದೊಂದು ಜನಾಂಗವನ್ನೂ ಹೊಗಳುವುದು, ಹೊಗಳಿ ‘ಆದರೆ’ ಅಂತ ಶುರುಮಾಡುವುದು. ಆ ‘ಆದರೆ’ಯ ಹಿಂದೆಯೇ ಎಲ್ಲ ದ್ವೇಷ ಬರುತ್ತೆ. ನಗು ಬರುತ್ತೆ, ನಕ್ಕದ್ದಕ್ಕೆ ಸಂಕಟವೂ ಆಗುತ್ತೆ.

‘ಮಾನಸಿಕ ರೋಗಿಗಳಿಗೆ ಕಮ್ಯುನಿಸಂನ ಇತಿಹಾಸ ಹೇಳೋದು ಹೇಗೆ’ ನಾಟಕ 1953ರ ಮಾಸ್ಕೋದಲ್ಲಿ, ಸ್ಟಾಲಿನ್ ಸಾಯುವ ಕೆಲವೇ ವಾರ ಮುಂಚೆ ನಡೆಯುತ್ತೆ. ಹುಚ್ಚಾಸ್ಪತ್ರೆಯ ರೋಗಿಗಳಿಗೆ ಕ್ರಾಂತಿಯ ಕಥೆಯನ್ನು ಸರಳವಾಗಿ ಹೇಳಿ ಅಂತ ಯೂರಿ ಪೆಟ್ರೊವ್ಸ್ಕಿ ಅನ್ನೋ ಲೇಖಕನನ್ನು ಕರೆಸುತ್ತಾರೆ. ಆಸ್ಪತ್ರೆಯ ಸಿಬ್ಬಂದಿಗೇ ಸ್ಟಾಲಿನ್ ಮೇಲೆ ಹುಚ್ಚು ಪ್ರೀತಿ. 2009ರಲ್ಲಿ ಬಂದ ಇನ್ನೊಂದು ನಾಟಕದಲ್ಲಿ, ಕಮ್ಯುನಿಸ್ಟ್ ರುಮೇನಿಯಾದ ಜೈಲು ಸೇರಿದ ಕವಿಯೊಬ್ಬ ಅಲ್ಲಿ ಅಯೊನೆಸ್ಕೊನ ನಾಟಕ ಆಡಿಸುತ್ತಾನೆ. ನಮ್ಮಲ್ಲಿ ಅಸಂಗತ ನಾಟಕ ಅಂದರೆ ಅರ್ಥವಿಲ್ಲದ ಮಾತು ಅನ್ನೋ ಕಲ್ಪನೆ ಜಾಸ್ತಿ. 1980ರ ದಶಕದ ಬುಕಾರೆಸ್ಟಿನಲ್ಲಿ ಟಿವಿ ದಿನಕ್ಕೆ ಎರಡು ಗಂಟೆ ಮಾತ್ರ, ಅದರಲ್ಲೂ ಚೌಶೆಸ್ಕು ಗುಣಗಾನ. ರೊಟ್ಟಿಗೆ ಸಾಲು, ಕರೆಂಟು ಕಡಿತ. ಅಲ್ಲಿಂದ ಬಂದವನಿಗೆ ಅಸಂಗತ ಅನ್ನೋದು ತಂತ್ರವಲ್ಲ, ವರದಿ.

ದೂರೂ ಇದೆ. ಸುದ್ದಿಗೆ ತೀರಾ ಹತ್ತಿರ ಹೋದಾಗ ಕೆಲವು ಕಡೆ ಪಾತ್ರ ಹಿಂದೆ ಸರಿದು ಪತ್ರಕರ್ತ ಮುಂದೆ ಬಂದುಬಿಡುತ್ತಾನೆ. 2016ರ ವಲಸಿಗರ ಕುರಿತ ನಾಟಕ ನೋಡಿ. ಮುಳ್ಳುತಂತಿ ಬೇಲಿಗಳ ಮಾರಾಟಮೇಳವನ್ನು ಫ್ಯಾಷನ್ ಶೋ ಥರ ತೋರಿಸುವ ದೃಶ್ಯ ಅದ್ಭುತ. ಆದರೆ ನಾಟಕದ ಎಲ್ಲ ತುಣುಕುಗಳಿಗೂ ಆ ಬಲ ಇಲ್ಲ, ಕೆಲವು ಭಾಷಣವಾಗುತ್ತವೆ. ವಿಷ್ನಿಯೆಕ್ ಅವರೇ ಒಬ್ಬ ವಲಸಿಗರು, ಒಳಗಿನಿಂದ ಬರೆಯಬಹುದಿತ್ತಲ್ಲ ಅನ್ನಿಸುತ್ತೆ. ಒಳಗಿನ ಮಾತನ್ನು ಅವರು ರುಮೇನಿಯನ್ ಕಾದಂಬರಿಗಳಿಗೆ ಎತ್ತಿಟ್ಟುಕೊಂಡಿದ್ದಾರೋ ಏನೋ.

1989ರ ನಂತರ ರುಮೇನಿಯಾ ಅವರನ್ನು ಬೇಗ ವಾಪಸ್ ಪಡೆದುಕೊಂಡಿತು. ನಿಷೇಧಿಸಿದ್ದ ನಾಟಕಗಳು ಊರೂರಲ್ಲಿ ಆದವು. 2016ರಲ್ಲಿ ಅವರ ಜಿಲ್ಲಾಕೇಂದ್ರ ಸುಚಾವಾದಲ್ಲಿ ಶುರುವಾದ ನಗರ ರಂಗಮಂದಿರಕ್ಕೆ ‘ಮಾತೆಯ್ ವಿಷ್ನಿಯೆಕ್’ ಅಂತಲೇ ಹೆಸರಿಟ್ಟರು. ಬದುಕಿರುವ ಲೇಖಕನ ಹೆಸರಿನ ರಂಗಮಂದಿರ ಅಪರೂಪ. ಅದೇ ವರ್ಷ ‘ಕಾದಂಬರಿಯ ಮೊದಲ ಸಾಲುಗಳ ವ್ಯಾಪಾರಿ’ ಕಾದಂಬರಿಯ ಫ್ರೆಂಚ್ ಅನುವಾದಕ್ಕೆ ಝಾಂ ಮೊನೆ ಯುರೋಪಿಯನ್ ಸಾಹಿತ್ಯ ಪ್ರಶಸ್ತಿ ಬಂತು. ರುಮೇನಿಯನ್ನಿನಲ್ಲಿ ಬರೆದು, ಬೇರೆಯವರಿಂದ ಫ್ರೆಂಚಿಗೆ ಅನುವಾದವಾಗಿ, ಫ್ರಾನ್ಸಿನಲ್ಲಿ ಪ್ರಶಸ್ತಿ. ಫ್ರೆಂಚಿನಲ್ಲಿ ಬರೆದ ನಾಟಕಗಳನ್ನು ಮಾತ್ರ ಅವರೇ ರುಮೇನಿಯನ್ನಿಗೆ ತರುತ್ತಾರೆ.

ಆಡುವ ವಿಷಯಕ್ಕೆ ಬರುತ್ತೇನೆ. ಹವ್ಯಾಸಿ ತಂಡಕ್ಕೆ ಧಾರಾಳವಾಗಿ ಆಗುತ್ತೆ. ‘ಕೊನೆಯ ಗೊಡೊ’ವನ್ನು ನೀವೇ ಓದಿದ್ದೀರಿ. ಬೆಕೆಟ್ ನಾಟಕದಲ್ಲಿ ಎಲ್ಲರೂ ಕಾಯುವ, ಕೊನೆಗೂ ಬಾರದ ಗೊಡೊ, ಮತ್ತೆ ಬೆಕೆಟ್, ಇಬ್ಬರೂ ರಂಗಮಂದಿರದಿಂದ ಹೊರದಬ್ಬಿಸಿಕೊಂಡು ಬೀದಿ ಬದಿ ಕೂತಿರುತ್ತಾರೆ; ನನ್ನನ್ನು ಒಮ್ಮೆಯೂ ರಂಗದ ಮೇಲೆ ತರಲಿಲ್ಲವಲ್ಲ ಅಂತ ಗೊಡೊ ಜಗಳವಾಡೋ ನಾಟಕ. ಇಬ್ಬರು ನಟರಿದ್ದರೆ ನಡೆಯುತ್ತೆ. ಆದರೆ ನೋಡುವವರಿಗೆ ಬೆಕೆಟ್ ಗೊತ್ತಿರಬೇಕು, ಇಲ್ಲದಿದ್ದರೆ ಅರ್ಧ ನಗು ಹೋಗುತ್ತೆ. ಹಾಗಾಗಿ ಮೊದಲ ಸಲಕ್ಕೆ ನಾನು ಹೇಳೋದು ಮೂವರು ವಿದೂಷಕರ ನಾಟಕ. ಕೆಲಸಕ್ಕಾಗಿ ಕಾಯುವ ಕೋಣೆಯನ್ನು ಯಾರಿಗೂ ವಿವರಿಸಬೇಕಿಲ್ಲ.

ಪುಸ್ತಕಕ್ಕೆ ತುಂಬಾ ದೂರ ಹುಡುಕಬೇಡಿ. ಕೋಲ್ಕತ್ತಾದ ಸೀಗಲ್ ಬುಕ್ಸ್ ಅವರ ನಾಟಕಗಳ ಒಂದು ಇಂಗ್ಲಿಷ್ ಸಂಕಲನವನ್ನೂ ಕೊಸೆಫ್ ಜೆ.ಯ ಕಾದಂಬರಿಯನ್ನೂ ಪ್ರಕಟಿಸಿದೆ. ಲೇಖಕರು ಬದುಕಿದ್ದಾರೆ, ಹಕ್ಕುಗಳು ಜೀವಂತವಾಗಿವೆ. ಕನ್ನಡಕ್ಕೆ ತಂದು ಆಡುವುದಾದರೆ ಅನುವಾದಕ್ಕೂ ಪ್ರದರ್ಶನಕ್ಕೂ ಒಪ್ಪಿಗೆ ಬೇಕು, ಇಂಗ್ಲಿಷ್ ಅನುವಾದದಿಂದ ತರುತ್ತಿದ್ದರೆ ಆ ಅನುವಾದಕರದ್ದೂ. ಫ್ರಾನ್ಸಿನಲ್ಲಿ ನಾಟಕಕಾರರ ಹಕ್ಕುಗಳನ್ನು ನೋಡಿಕೊಳ್ಳುವುದು ಎಸ್‌ಎಸಿಡಿ ಅನ್ನೋ ಲೇಖಕರ ಸಂಘ. ಟಿಕೆಟ್ ಇಡುತ್ತೀರಾ, ಎಷ್ಟು ಪ್ರದರ್ಶನ, ಸಭಾಂಗಣ ಎಷ್ಟು ದೊಡ್ಡದು ಅಂತ ಪತ್ರದಲ್ಲೇ ಬರೆದುಬಿಡಿ. ತಾಲೀಮು ಶುರುಮಾಡುವ ಮುಂಚೆ ಬರೆಯಿರಿ.